ಪಡದೆಯ ಮೇಲಿನ ಪಾಲು

ತಣ್ಣಗೆ ಏನೋ ಹೊಟ್ಟೆಯ ಮೇಲೆ ಹರಿಯಿತು, ನೀರಲ್ಲ, ನೀರಾಗಿದ್ದರೆ ಇಷ್ಟು ಬೇಗ ಆರುತ್ತಿರಲಿಲ್ಲ, ಕತ್ತು ಎತ್ತಿ ನೋಡಿದರೆ ಕೆಂಪುಗಂದು ಬಣ್ಣ, ಥೇಟ್ ಕುರಿಗೆ ಗುರುತು ಬಳಿಯುವ ಕಾವಿ, ನರ್ಸಬಾಯಿ ಎದೆಗೂಡಿನ ಕೆಳಗಿನಿಂದ ಹೊಕ್ಕಳು ದಾಟಿ ತೊಡೆಯ ಸಂದಿಯವರೆಗೆ ಹತ್ತಿಯಲ್ಲಿ ತಿಕ್ಕುತ್ತಲೇ ಇದ್ದಾಳೆ, ಅಥಣಿ ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಗಂಡ ಜಕ್ಕಪ್ಪನೂ ಹೀಗೆಯೇ ಬಳಿಯುತ್ತಾನೆ, ಬೆನ್ನಿಗೊಂದು ಪಟ್ಟೆ, ಬೇರೆಯವರ ಹಿಂಡಿನಲ್ಲಿ ಕಲೆಯಬಾರದಲ್ಲ ಅಂತ, ಮಿರಜಿನ ಈ ದೊಡ್ಡ ದವಾಖಾನೆಯಲ್ಲಿ ಕಲೆಯುವುದಕ್ಕೆ ಏನು ಕಡಿಮೆ, ಕಾಗವಾಡದಿಂದ ಬಂದವರು, ರಾಯಬಾಗದವರು, ಚಿಕ್ಕೋಡಿಯವರು, ಎಲ್ಲರಿಗೂ ಒಂದೇ ಹಸಿರು ಅಂಗಿ, ಬೆನ್ನಿನ ಹಿಂದೆ ಕಸಿ ಕಟ್ಟುವ ಅಂಗಿ, ಮಲಕವ್ವಾ ಎಂದು ಕೂಗಿದರೆ ಇಬ್ಬರಾದರೂ ತಿರುಗಿ ನೋಡುತ್ತಾರೆ, ಗುರುತು ಇರುವುದು ಒಳ್ಳೆಯದೇ, ಬಳಿಯಲಿ. ಹಾತ ಸರಳ ಠೇವಾ ಮಾವಶಿ, ಹಲೂ ನಕಾ, ಕೈ ನೆಟ್ಟಗಿಡು, ಅಲ್ಲಾಡಬೇಡ ಅನ್ನುತ್ತಾಳೆ ನರ್ಸು, ಕೊಕಟನೂರಿನ ಕುರಿ ಕಾಯುವ ಹೆಂಗಸಿಗೆ ಮರಾಠಿ ತಿಳಿಯುವುದಿಲ್ಲವೆಂದು ಎರಡೆರಡು ಸಲ ಹೇಳುತ್ತಾಳೆ, ತಿಳಿಯುತ್ತದೆ, ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಜತ್ತಿನ ತನಕ ಹಿಂಡಿನ ಹಿಂದೆ ನಡೆದವಳಿಗೆ ಮರಾಠಿ ತಿಳಿಯದೆ ಹೇಗೆ, ಆದರೆ ತಿಳಿಯದವಳಂತೆ ಇದ್ದರೆ ಮಂದಿ ಎದುರಿಗೇ ಎಲ್ಲ ಮಾತಾಡುತ್ತಾರೆ, ಅದೊಂದು ಅನುಕೂಲ.

ಕೈ ನೆಟ್ಟಗಿಟ್ಟಳು. ಬಲಗೈ, ಮಣಿಕಟ್ಟಿನ ಮೇಲೆ ಬರೆಯ ಕಲೆ, ಕಬ್ಬೂರಿನ ಮುದುಕ ಹಾಕಿದ್ದು, ಕಣ್ಣು ಹಳದಿಯಾದವರಿಗೆಲ್ಲ ಅವನು ಸೂಜಿ ಕಾಯಿಸಿ ಚುರ್ ಅನ್ನಿಸುತ್ತಾನೆ, ಆಮೇಲೆ ಉಪ್ಪಿಲ್ಲದ ನುಚ್ಚು ತಿನ್ನಬೇಕು, ತಿಂದಳು, ಹಳದಿ ಹೋಗಲಿಲ್ಲ, ಮೈ ತುರಿಸುವುದೂ ನಿಲ್ಲಲಿಲ್ಲ, ಗೋಡೆಗೆ ಬೆನ್ನು ತಿಕ್ಕುವ ಎಮ್ಮೆಯ ಹಾಗೆ ಆಗಿದ್ದಳು — ಅದೆಲ್ಲ ಆಮೇಲಿನದು, ಮೊದಲು ಬಂದದ್ದು ಭಾರ, ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ತೊಯ್ದ ಉಣ್ಣೆಯ ಗಂಟು ಸಿಕ್ಕಿಸಿಟ್ಟ ಹಾಗೆ, ಅದರ ಹಿಂದೆಯೇ ಬಲಹೆಗಲು ನೋವು, ಮೇವಿನ ಹೊರೆ ಹೊತ್ತದ್ದಕ್ಕೆ ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡಳು, ರೋಗ ಒಂದು ಕಡೆ, ನೋವು ಇನ್ನೊಂದು ಕಡೆ, ಮೈಯೆಂಬುದು ಹೀಗೆ ಪಕ್ಕದ ಮನೆಯವರ ಮೇಲೆ ಹೇಳುತ್ತದೆ. ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಮುಂದೆ ಬಂತು. ಎಷ್ಟ ತಿಂಗಳಾತಬೇ ಮಲಕವ್ವಾ, ಸೊಸಿ ಕೂಡ ಪಾಳಿ ಹಚ್ಚೀಯೇನು ಅಂತ ಬಾವಿಯ ಕಟ್ಟೆಯ ಮೇಲೆ ಕೇಳಿದರು, ಅವಳಿಗಿಂತ ಮುಂಚೆ ಗಂಡನ ಅಕ್ಕ ದುಂಡವ್ವ ಉತ್ತರ ಕೊಟ್ಟಳು, ಆಕಿದು ಎರಡು ವರ್ಷಾತು, ಆನಿ ಹಡಿಯಾಕತ್ತಾಳ, ನೀವೆಲ್ಲಾ ತೊಟ್ಟಲ ಹೊರಾಕ ಬರ್ರಿ. ಎಲ್ಲರೂ ನಕ್ಕರು, ಮಲಕವ್ವನೂ ನಕ್ಕಳು, ನಕ್ಕರೆ ಪಕ್ಕೆ ಹಿಡಿಯುತ್ತಿತ್ತು. ಆ ದುಂಡವ್ವ ಈಗ ಬಾಗಿಲಿನ ಆಚೆ ಕೂತಿದ್ದಾಳೆ, ಬಾಕಿನ ಮೇಲೆ ಕೂಡುವುದಿಲ್ಲ, ನೆಲದ ಮೇಲೆಯೇ ಕೂಡುತ್ತಾಳೆ, ಬೇರೆ ರೋಗಿಗಳ ಮನೆಯವರಿಗೆ ಯಾವ ಡಾಕ್ಟರು ಒಳ್ಳೆಯವನು ಅಂತ ಹೇಳುತ್ತಿರಬೇಕು, ಬಂದು ನಾಲ್ಕು ದಿನವಾಗಿಲ್ಲ.

ಡಾಕ್ಟರಬಾಯಿ ನಿಪ್ಪಾಣಿಯವಳು. ತಂಬಾಕಿನ ವಖಾರಿಯ ಓಣಿಯಲ್ಲಿ ಹುಟ್ಟಿದವಳಂತೆ, ಓಣಿ ತುಂಬ ಕೆಮ್ಮು ಕೇಳಿ ಕೇಳಿ ಡಾಕ್ಟರಿಕಿ ಓದಿದೆ ಅಂದಳು, ಅರ್ಧ ಕನ್ನಡ ಅರ್ಧ ಮರಾಠಿ, ಬೆರಳು ಮಾತ್ರ ಪೂರಾ ಕೆಲಸದ ಬೆರಳು, ನೋಯದ ಹಾಗೆ ಒತ್ತುತ್ತದೆ, ಕುರಿ ಕೊಳ್ಳುವವನು ಸೊಂಟದ ಮೇಲೆ ಕೈಯಾಡಿಸಿ ಕೊಬ್ಬು ನೋಡುವ ಹಾಗೆ, ಕಲೆಯನ್ನೂ ನೋಡಿದಳು, ಬೈಯಲಿಲ್ಲ, ಮಣಿಕಟ್ಟು ಹೊರಳಿಸಿ ಹಾಗೇ ಕೆಳಗಿಟ್ಟಳು. ಎದೆಯ ಫೋಟೋ ತೆಗೆಸಿದಳು, ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ ಯಂತ್ರದಲ್ಲಿ ನೋಡಿದಳು, ಚಿಕ್ಕ ಟೀವಿಯಂಥದು, ಅದರಲ್ಲಿ ಬೂದಿ ಬಣ್ಣದ ಮಂಜು, ಮಂಜಿನ ನಡುವೆ ಕರಿಯ ದುಂಡು, ದುಂಡಿನೊಳಗೆ ಮತ್ತೆ ಸಣ್ಣ ಸಣ್ಣ ದುಂಡು. ಇದು ನಿಮ್ಮ ಕಾಳಿಜ, ನಾವು ಲಿವ್ಹರ ಅಂತೀವಿ, ಇದರಾಗ ನೀರಿನ ಚೀಲ ಬೆಳದದ, ಚೀಲದಾಗ ಮತ್ತ ಮರಿಚೀಲ, ನೀವು ಇದನ್ನ ನೋಡಿರಬೇಕಲ್ಲ ಮನ್ಯಾಗ ಕುರಿ ಕೊಯ್ದಾಗ. ನೋಡಿದ್ದಳು. ನೋಡದೆ ಏನು, ಎಷ್ಟು ಕಾಳಿಜ ಕೈಯಲ್ಲಿ ಹಿಡಿದವಳು, ಆಗ ತಾನೆ ತೆಗೆದದ್ದು ಬಿಸಿ, ನುಣ್ಣಗೆ, ಕಣ್ಣಿಗೆ ಕಾಣುವುದಕ್ಕಿಂತ ತೂಕ, ಕೆಲವೊಂದರ ಮೇಲೆ ಬಿಳಿ ಗುಳ್ಳೆ, ಸಿಪ್ಪೆಯಿಲ್ಲದ ತತ್ತಿಯಂತೆ ಬಿಗಿದು ನಿಂತಿರುತ್ತದೆ, ಚೂರಿ ತಾಗಿದರೆ ನೀರು ಕಣ್ಣಿಗೆ ಸಿಡಿಯುತ್ತದೆ, ಬಾವಿಯ ನೀರಿನ ಹಾಗೆ ತಿಳಿ, ವಾಸನೆಯೂ ಇಲ್ಲ, ಜಕ್ಕಪ್ಪ ಆ ಭಾಗ ಕತ್ತರಿಸಿ ಎಸೆಯುತ್ತಾನೆ, ನಾಯಿ ವಾಗ್ಯಾ ಹಿಡಿಯುತ್ತದೆ, ಉಳಿದದ್ದು ತವೆಗೆ. ಅದೇ ತನ್ನೊಳಗೆ. ಆಶ್ಚರ್ಯವೇನೂ ಆಗಲಿಲ್ಲ. ಕುರಿಯ ಹೊಟ್ಟೆಯಲ್ಲಿ ಇರುವುದೆಲ್ಲ ಮನುಷ್ಯರ ಹೊಟ್ಟೆಯಲ್ಲೂ ಇದೆ, ಪಿತ್ತದ ಚೀಲ ಇದೆ, ಮಾರುಗಟ್ಟಲೆ ಕರಳು ಇದೆ, ಗುಳ್ಳೆ ಯಾಕೆ ಇರಬಾರದು, ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ.

ಹ್ಯಾಂಗ ಬಂತ್ರೀ ಅಂತ ಕೇಳಿದ್ದಳು, ಮಂದಿ ಯಾಕೆ ಬಂತು ಎನ್ನುತ್ತಾರೆ, ಯಾಕೆ ಎನ್ನುವುದಕ್ಕೆ ದೇವರು, ಹೇಗೆ ಎನ್ನುವುದಕ್ಕೆ ಡಾಕ್ಟರು. ಡಾಕ್ಟರಬಾಯಿ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು, ಕುರಿಯ ಗುಳ್ಳೆ ನಾಯಿ ತಿನ್ನುತ್ತದೆ, ನಾಯಿಯ ಕರಳಿನಲ್ಲಿ ಅದು ಹುಳ ಆಗುತ್ತದೆ, ಅಕ್ಕಿಕಾಳಿನಷ್ಟೂ ಉದ್ದವಿಲ್ಲ, ಹುಳ ತತ್ತಿ ಇಡುತ್ತದೆ, ತತ್ತಿ ಹೊರಕ್ಕೆ ಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ ಹತ್ತುತ್ತದೆ, ಕುರಿ ಹುಲ್ಲು ಮೇಯ್ದರೆ ಕುರಿಯ ಕಾಳಿಜಕ್ಕೆ, ನೀವು ನಾಯಿ ಮುಟ್ಟಿ ರೊಟ್ಟಿ ತಿಂದರೆ ನಿಮ್ಮ ಕಾಳಿಜಕ್ಕೆ, ಕರಳಿನಿಂದ ರಕ್ತ ಮೊದಲು ಅಲ್ಲಿಗೇ ಹೋಗತದಲ್ಲ, ಜರಡಿ ಇದ್ದಂಗ ಅದು, ಅಲ್ಲಿ ಸಿಕ್ಕೊಂತದ, ಅದನ್ನೂ ದಾಟಿದ್ರ ಪುಪ್ಪಸದಾಗ, ಎದಿಯೊಳಗಿನ ಉಸಿರಿನ ಚೀಲದಾಗ, ಸಿಕ್ಕೊಂತದ, ನಿಮ್ಮ ಪುಪ್ಪಸ ಸ್ವಚ್ಛ ಅದ, ಫೋಟೋ ನೋಡೀನಿ. ನಾಯಿಗೇನ ಆಗೂದಿಲ್ಲೇನ್ರಿ. ಏನೂ ಆಗೂದಿಲ್ಲ, ಆರಾಮ ಇರತದ. ಕುರಿಗೆ? ಕುರಿಯನ್ನ ಅಷ್ಟು ದಿನ ಎಲ್ಲಿ ಬಿಡತೀರಿ ನೀವು. ಅದೂ ಖರೆಯೇ. ಇದು ಹೊಟ್ಟ್ಯಾಗ ಒಡದ್ರ? ಒಡದ್ರ ಕಠಿಣ ಅದ ಮಲಕವ್ವ, ಸುಳ್ಳ ಹೇಳೂದಿಲ್ಲ, ಆ ನೀರು ರಕ್ತಕ್ಕ ಹತ್ತಿದ್ರ ಜೀವ ಅಲ್ಲೇ ನಿಂದ್ರಬಹುದು, ಅದಕ್ಕ ಸುತ್ತಲೂ ಉಪ್ಪುನೀರಿನ ಅರಿವಿ ಇಟ್ಟು, ಮೊದಲು ಒಳಗಿಂದು ಸಾಯಿಸಿ, ಆಮ್ಯಾಲ ತಗೀತೀವಿ. ಉಪ್ಪು ಎಂದ ಕೂಡಲೆ ಮಲಕವ್ವನಿಗೆ ಧೈರ್ಯ ಬಂತು, ಕುರಿಯ ತೊಗಲಿಗೂ ಉಪ್ಪೇ, ಮಾಂಸಕ್ಕೂ ಉಪ್ಪೇ, ಇವಳು ತಿಳಿದ ಹೆಂಗಸು. ಎದ್ದು ಹೋಗುತ್ತ ಬಾಗಿಲಲ್ಲಿ ನಿಂತು ಡಾಕ್ಟರಬಾಯಿ ಕೇಳಿದಳು, ಮನ್ಯಾಗ ಸಣ್ಣ ಮಕ್ಕಳದಾರೇನು, ಸಣ್ಣವಕ್ಕ ಭಾಳ ಲಗೂ ಹತ್ತತದ, ನಾಯಿ ಕೂಡ ಆಡತಾವ, ಬಾಯಾಗ ಬೆರಳ ಇಡತಾವ, ಇನ್ನ ಮ್ಯಾಲ ನಾಯಿಗೆ ಹಸಿದು ಹಾಕಬ್ಯಾಡ್ರಿ, ದನದ ದವಾಖಾನ್ಯಾಗ ಹುಳದ ಗುಳಿಗಿ ಸಿಗತಾವ, ನಾಯಿಗೆ ಕೊಡ್ರಿ.

ಇದ್ದಾಳೆ. ಮಗ ಹಾಲಸಿದ್ದನ ಮಗಳು ಕಸ್ತೂರಿ, ಎರಡು ತುಂಬಿ ಮೂರಕ್ಕೆ ಬಿದ್ದಿದೆ, ವಾಗ್ಯಾನ ಹೊಟ್ಟೆಗೆ ತಲೆಯಿಟ್ಟು ನಿದ್ದೆ ಮಾಡುತ್ತದೆ, ಆ ಮನೆಯಲ್ಲಿ ಎಲ್ಲ ನಾಯಿಗೂ ವಾಗ್ಯಾ ಎಂದೇ ಹೆಸರು, ಒಂದು ಸತ್ತರೆ ಇನ್ನೊಂದು ವಾಗ್ಯಾ, ಇದು ಎಷ್ಟನೆಯದೋ, ಹುಡುಗಿ ಅದರ ಕಿವಿ ಹಿಡಿದು ಎದ್ದು ನಿಲ್ಲುವುದನ್ನು ಕಲಿತದ್ದು, ರೊಟ್ಟಿಯ ಒಂದು ತುತ್ತು ತನಗೆ ಒಂದು ತುತ್ತು ಅದಕ್ಕೆ, ಅದು ಅರ್ಧ ತಿಂದು ಕೆಡವಿದ್ದನ್ನು ತಾನೇ ಎತ್ತಿ ತಿನ್ನುತ್ತದೆ, ಸೊಸೆ ತಾರವ್ವ ಬೈದರೆ ನಾಯಿಯ ಹಿಂದೆ ಅಡಗುತ್ತದೆ. ಕುರಿ ಕೊಯ್ಯುವ ದಿನ ಅಂಗಳದಲ್ಲಿ ಅದಕ್ಕೊಂದು ಆಟ, ಅಜ್ಜ ಎಸೆಯುವುದು, ವಾಗ್ಯಾ ನೆಲಕ್ಕೆ ಬೀಳದಂತೆ ಹಾರಿ ಹಿಡಿಯುವುದು, ತಾನು ಚಪ್ಪಾಳೆ ತಟ್ಟುವುದು, ಮತ್ತ, ಅಜ್ಜಾ, ಮತ್ತ. ಆ ಆಟವನ್ನು ನೋಡಿ ಮಲಕವ್ವನೂ ಎಷ್ಟು ಸಲ ನಕ್ಕಿದ್ದಾಳೆ. ಡಾಕ್ಟರಬಾಯಿ ಬಾಗಿಲು ದಾಟಿ ಹೋದ ಮೇಲೆ ಹಾಸಿಗೆಯಲ್ಲಿ ಕೂತು ಅದನ್ನು ಬೇರೆ ರೀತಿ ನೋಡಿದಳು, ಎಸೆದದ್ದು ಗಾಳಿಯಲ್ಲಿ, ನಾಯಿಯ ಬಾಯಿ ಮೇಲೆ, ಬದಿಯಲ್ಲಿ ಹುಡುಗಿ — ತನಗೆ ಬಂದದ್ದಕ್ಕೆ ಅವಳಿಗೆ ಅಷ್ಟು ಅನ್ನಿಸಿರಲಿಲ್ಲ, ಆಗಲೇ ಹೊಳೆಯಿತು, ಟಗರು.

ಟಗರನ್ನು ದೇವಿಗೆ ಬಿಟ್ಟದ್ದು ಅವಳಿಗಾಗಿಯೇ. ಹೊಟ್ಟೆ ಕೊಯ್ಯುತ್ತಾರೆಂದು ಗೊತ್ತಾದ ದಿನ ಜಕ್ಕಪ್ಪ ಚಿಂಚಲಿ ಮಾಯವ್ವನ ದಿಕ್ಕಿಗೆ ಕೈ ಮುಗಿದು ಹೇಳಿದ್ದ, ಆಕೀನ್ನ ಮೇಜಿನ ಮ್ಯಾಲ ಹಾಕಿದ ದಿನಾನ ಸುರುಳಿ ಕೋಡಿನ ಟಗರ ನಿನಗ ಕೊಡತೇನು, ಬ್ಯಾರೇದವ್ರ ಕೈಲೆ ಕೊಯ್ಸೂದಿಲ್ಲ, ನಾನ ಕೊಯ್ತೇನು. ಆದ್ದರಿಂದಲೇ ಅವನು ಇವತ್ತು ಇಲ್ಲಿಲ್ಲ, ಮುಂಜಾನೆಯ ಬಸ್ಸಿಗೆ ಹೊರಟ, ಹೊರಡುವ ಮುಂಚೆ ಹಾಸಿಗೆಯ ಬದಿಗೆ ನಿಂತು ರುಮಾಲು ಸುತ್ತುತ್ತಿದ್ದ, ಅವಳು ಮೊದಲು ಇದ್ದದ್ದು ಇದ್ದ ಹಾಗೆ ಹೇಳಿ ನೋಡಿದಳು, ಡಾಕ್ಟರಬಾಯಿ ಹಿಂಗಿಂಗ ಅಂದಾಳ, ಟಗರಿಂದು ನಾಯಿಗೆ ಹಾಕಬ್ಯಾಡ. ಜಕ್ಕಪ್ಪ ನಕ್ಕ. ದವಾಖಾನಿಯವ್ರು ಮೊದಲ ಬೀಡಿ ಬಿಡಂದ್ರು, ಆಮ್ಯಾಲ ತಂಬಾಕ ಬಿಡಂದ್ರು, ಈಗ ನಾಯಿ ಮ್ಯಾಲ ಬಂದಾರೇನ, ನಮ್ಮಪ್ಪ ಹಾಕ್ಯಾನ, ಅವರಪ್ಪ ಹಾಕ್ಯಾನ, ಏನಾಗಿತ್ತ ಅವರಿಗೆ. ದುಂಡವ್ವನೂ ತಮ್ಮನ ಕಡೆಗೇ, ಅಲ್ಲಬೇ ಮಲಕಿ, ರಾತ್ರೆಲ್ಲಾ ಹಿಂಡ ಕಾಯೂ ನಾಯಿಗೆ ಅದರ ಪಾಲ ಇಲ್ಲಂದ್ರ ಹ್ಯಾಂಗ. ನಿಮ್ಮವ್ವ ಹೊಟ್ಟೆ ಉಬ್ಬಿ ಸತ್ತಳಲ್ಲ, ಅದನ್ನು ಯಾರೂ ಕೊಯ್ದು ನೋಡಲಿಲ್ಲವಲ್ಲ ಅನ್ನುವ ಮಾತು ಮಲಕವ್ವನ ನಾಲಗೆಯ ತುದಿಗೆ ಬಂದಿತ್ತು, ನುಂಗಿದಳು, ಆಡಿದ್ದರೆ ಆ ಮಾತಿನಲ್ಲಿ ಅವಳು ಗೆಲ್ಲುತ್ತಿದ್ದಳು, ಅಕ್ಕ ತಮ್ಮ ಇಬ್ಬರೂ ಮುಖ ಇಳಿಸುತ್ತಿದ್ದರು, ಟಗರಿನದು ಮಾತ್ರ ನಾಯಿಗೇ ಹೋಗುತ್ತಿತ್ತು, ಸೋತ ಗಂಡಸು ಅಷ್ಟಾದರೂ ಮಾಡಿಯೇ ಮಾಡುತ್ತಾನೆ. ಅವಳು ದಿಂಬಿಗೆ ಒರಗಿದಳು, ಅವನ ಕಡೆ ನೋಡದೆ ಹೇಳಿದಳು, ನಸಿಕಿನ್ಯಾಗ ಕಣ್ಣ ಹತ್ತಿತ್ತು, ಮಾಯವ್ವ ಬಂದಿದ್ದಳು. ರುಮಾಲು ಸುತ್ತುವ ಕೈ ನಿಂತಿತು. ಏನಂದ್ಳು. ಟಗರಿನ ಹೊಟ್ಟಿ ಒಳಗಿಂದೆಲ್ಲಾ ನಂದು, ಯಾವ ಬಾಯಿಗೂ ಬೀಳಬಾರದು, ತಗ್ಗ ತೋಡಿ ಉಪ್ಪ ಹಾಕಿ ಮುಚ್ಚರಿ ಅಂದ್ಳು. ಜಕ್ಕಪ್ಪ ರುಮಾಲಿನ ತುದಿ ಸಿಕ್ಕಿಸಿದ. ಕಾಳಿಜನೂ? ಕಾಳಿಜನೂ. ಅವನ ಮುಖ ನೋಡಿ ಅವಳಿಗೆ ಕನಿಕರವಾಯಿತು, ಉಪ್ಪು ಖಾರ ಹಾಕಿ ತವೆಯಲ್ಲಿ ಹುರಿದ ಕಾಳಿಜವೆಂದರೆ ಅವನಿಗೆ ಮಿಕ್ಕಿದ್ದು ಏನೂ ಬೇಡ. ಆತು, ಆಕಿ ಬೇಡಿದ ಮ್ಯಾಲ ಮುಗೀತು ಅಂದ, ಅವಳ ಹಣೆ ಮುಟ್ಟಿದ, ಬಸ್ಸಿಗೆ ಹೋದ.

ಸುಳ್ಳು. ಮಾಯವ್ವ ಬಂದಿರಲಿಲ್ಲ, ನಿದ್ದೆಯೇ ಬಂದಿರಲಿಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳುವ ದಿನ ದೇವಿಯ ಹೆಸರು ಹಿಡಿದು ಸುಳ್ಳು ಹೇಳಿದವಳು, ಉಪ್ಪುನೀರಿನ ಅರಿವೆಯ ನಡುವೆ ಆ ಚೀಲ ಒಡೆಯುವುದು ಬಿಡುವುದು ಯಾರ ಕೈಯಲ್ಲಿದೆಯೋ ಅವಳ ಹೆಸರು — ಒಡೆದರೆ ಒಡೆಯಲಿ ಅಂತಲ್ಲ, ಒಡೆಯಬಾರದು, ಇನ್ನೂ ಬಾಳಬೇಕೆಂದೇ ಇದೆ, ಆದರೆ ಮಾಯವ್ವನೂ ಕುರಿಯವರ ದೇವಿಯಲ್ಲವೆ, ಗಂಡಸರಿಗೆ ಯಾವ ಮಾತು ಕೇಳಿಸುತ್ತದೆ ಯಾವುದು ಕೇಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿರದೆ ಇರುತ್ತದೆಯೆ, ಸಿಟ್ಟಾದರೆ ತನ್ನ ಮೇಲೆ ಆಗಲಿ, ಕಸ್ತೂರಿಯ ಮೇಲೆ ಬೇಡ. ನರ್ಸು ಕಾವಿ ಬಳಿದು ಮುಗಿಸಿ ಹಸಿರು ಅರಿವೆ ಹೊದಿಸುತ್ತಾಳೆ, ಹೊಟ್ಟೆಯ ಭಾಗ ಮಾತ್ರ ಚೌಕಾಗಿ ತೆರೆದಿದೆ, ಅದು ಈಗ ತನ್ನದಲ್ಲ, ಯಾರದೋ ಹೊಟ್ಟೆ, ನೋಡುವುದಕ್ಕೆ ಸುಲಭ. ಬಸ್ಸು ಈಗ ಎಲ್ಲಿರಬೇಕು, ಕಾಗವಾಡ ದಾಟಿ, ಅಥಣಿಯೂ ದಾಟಿರಬೇಕು, ಅಥಣಿಯಲ್ಲಿ ಇಳಿದು ಚಹಾ ಕುಡಿಯದೆ ಬಿಡುವವನಲ್ಲ, ಊರು ಮುಟ್ಟಿ, ಟಗರಿಗೆ ಮೈ ತೊಳೆದು, ಭಂಡಾರದ ಅರಿಷಿಣ ಹಚ್ಚಿ, ಹೊತ್ತು ಇಳಿಯುವ ಮುಂದೆ ಕೊಯ್ಯುವುದು, ಅವನ ಕೈ ಅವಳಿಗೆ ಬಾಯಿಪಾಠ, ಮೊದಲು ತೊಗಲು, ಒಂದು ಕಡೆಯೂ ಹರಿಯುವುದಿಲ್ಲ, ಆಮೇಲೆ ಹೊಟ್ಟೆಯ ಮೇಲೆ ಒಂದೇ ಗೆರೆ, ಕರಳಿಗೆ ಚೂರಿ ತಾಗದಂತೆ ಬೆರಳು ಮುಂದಿಟ್ಟು ಹೋಗುತ್ತಾನೆ, ಹುಲ್ಲಿನ ಹೊಟ್ಟೆ ಹೊರಗೆ, ಕರಳು ಹೊರಗೆ, ಕಾಳಿಜ, ಪಿತ್ತದ ಚೀಲ ಒಡೆಯದಂತೆ, ಎಲ್ಲ ತಗ್ಗಿಗೆ, ಉಪ್ಪು, ಮಣ್ಣು, ತಪ್ಪುವುದಿಲ್ಲ ಅವನು, ದೇವಿಗೆ ಕೊಟ್ಟ ಮಾತಿನಲ್ಲಿ ಒಂದು ಚೂರು ಹೆಚ್ಚು ಕಡಿಮೆ ಮಾಡುವವನಲ್ಲ, ಹೊಟ್ಟೆಯೊಳಗಿನದೆಲ್ಲ ಹೋದ ಮೇಲೆ ಅಡ್ಡ ಪಡದೆ ಕಾಣುತ್ತದೆ, ತೆಳ್ಳಗೆ, ಬೆಳಕಿಗೆ ಹಿಡಿದರೆ ಹೊಳೆಯುವ ಪಡದೆ, ಹೊಟ್ಟೆ ಅಲ್ಲಿಗೆ ಮುಗಿಯಿತು, ಆ ಪಡದೆಯನ್ನು ಹರಿದರೆ ಎದೆ.

ಎದೆ. ಪಡದೆಯ ಮೇಲಿನದನ್ನು ತಾನು ಹೇಳಲಿಲ್ಲ. ಹೊಟ್ಟಿ ಒಳಗಿಂದು ಅಂದೆ, ಕಾಳಿಜನೂ ಅಂದೆ, ಪುಪ್ಪಸ ಅಂದೆನೆ, ಅನ್ನಲಿಲ್ಲ, ಯಾಕೆ ಅನ್ನಲಿಲ್ಲ, ಆ ಮನೆಯಲ್ಲಿ ಪುಪ್ಪಸವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಮಾಂಸ ಮನೆಗೆ, ತಲೆ ಕಾಲು ಅಣ್ಣತಮ್ಮಂದಿರಿಗೆ, ತೊಗಲು ಸಂತೆಗೆ, ಪುಪ್ಪಸ ವಾಗ್ಯಾಗೆ, ಅವನ ಅಪ್ಪನ ಕಾಲದಿಂದ, ತನ್ನ ತವರಲ್ಲೂ ಹಾಗೆಯೇ, ಅದು ಕುರಿಯೊಳಗೆ ಇದ್ದರೂ ನಾಯಿಯದೇ, ಯಾರೂ ಕೇಳುವುದಿಲ್ಲ ಯಾರೂ ಹೇಳುವುದಿಲ್ಲ, ಗುಳ್ಳೆ ಇದೆಯೋ ಇಲ್ಲವೋ ಹೊರಳಿಸಿಯೂ ನೋಡದೆ ಎಸೆಯುವುದು ಅದೊಂದನ್ನೇ, ಕಾಳಿಜದಲ್ಲಿ ಒಂದು ಗುಳ್ಳೆ ಕಂಡರೆ ಪುಪ್ಪಸದಲ್ಲಿ ಎರಡು, ಅವಳೇ ಕಂಡಿದ್ದಾಳೆ, ಡಾಕ್ಟರಬಾಯಿಯೂ ಅಂದಳಲ್ಲ, ಅದನ್ನೂ ದಾಟಿದ್ರ ಪುಪ್ಪಸ. ಜಕ್ಕಪ್ಪ ತಗ್ಗು ಮುಚ್ಚಿ ಕೈ ಝಾಡಿಸುತ್ತಾನೆ, ದೇವಿಯದು ದೇವಿಗೆ ಮುಟ್ಟಿತು, ಕಾಳಿಜವನ್ನೂ ತಾನು ಬಿಟ್ಟುಕೊಟ್ಟ, ಈಗ ಪಡದೆ ಹರಿದು ಒಳಗೆ ಕೈಯಿಟ್ಟು — ಇನ್ನೂ ಹೊತ್ತಿದೆ. ಇನ್ನೂ ಕೊಯ್ದಿಲ್ಲ. ದುಂಡವ್ವ ಬಾಗಿಲ ಆಚೆ ಇದ್ದಾಳೆ, ಈಗ ಎದ್ದು ಬಸ್ಸು ಹಿಡಿದರೆ ಮುಟ್ಟುತ್ತಾಳೆ, ಅಕ್ಕಾ, ಮಾಯವ್ವ ಪುಪ್ಪಸನೂ ಬೇಡ್ಯಾಳ, ಹೋಗಿ ಹೇಳು, ಇಷ್ಟೇ ಮಾತು. ಸಿಸ್ಟರ್ ಅಂದಳು. ಹೊರಗ ನಮ್ಮ ದುಂಡವ್ವ ಅದಾಳ, ಕರೀರಿ. ನಂತರ ಮಾವಶಿ, ನಂತರ, ಆತಾ ಬೋಲೂ ನಕಾ, ಈಗ ಮಾತಾಡಬೇಡ. ನಂತರ ಎಂದರೆ ಹೊತ್ತು ಇಳಿದಿರುತ್ತದೆ. ಎಡಗೈ ಮಡಿಸುವಲ್ಲಿ ನಿದ್ದೆಯ ಸೂಜಿ ಚುಚ್ಚಿದರು, ಡಾಕ್ಟರಬಾಯಿಯ ಕಣ್ಣು ಮುಖಕ್ಕೆ ಕಟ್ಟಿದ ಅರಿವೆಯ ಮೇಲೆ ಕಂಡಿತು, ಕೈ ತೊಳೆದು ಮುಂಗೈ ಎತ್ತಿ ಹಿಡಿದುಕೊಂಡು ನಿಂತಿದ್ದಾಳೆ, ಹೆದರಬ್ಯಾಡ ಮಲಕವ್ವ, ಅನ್ನುತ್ತಾಳೆ, ಹೆದರಿಲ್ಲರೀ ನಾನು, ಪುಪ್ಪಸ, ಪುಪ್ಪಸ ಅನ್ನುತ್ತಾಳೆ ಮಲಕವ್ವ, ನಾಲಗೆ ಒದ್ದೆ ಕಂಬಳಿಯಾಗಿದೆ, ನರ್ಸು ಬಗ್ಗಿ ಕೇಳಿ ಕೆನ್ನೆ ತಟ್ಟುತ್ತಾಳೆ, ತುಮಚಂ ಫುಪ್ಪುಸ ಚಾಂಗಲಂ ಆಹೆ ಮಾವಶಿ, ನಿನ್ನ ಪುಪ್ಪಸಕ್ಕೆ ಏನೂ ಆಗಿಲ್ಲ, ನನ್ನದಲ್ಲ, ನನ್ನದಲ್ಲವ್ವಾ, ಟಗರಿಂದು, ಬಾಯಿಯಲ್ಲಿ ಬೆಳ್ಳುಳ್ಳಿಯ ವಾಸನೆ, ಯಾರೂ ತಿನ್ನಿಸಿಲ್ಲ, ಎಲ್ಲಿಂದ ಬಂತು, ತಲೆಯ ಮೇಲಿನ ದೀಪ ಹತ್ತಿತು, ಅಂಗಳದ ಬಿಸಿಲು, ಕಾಳಿಜ ಭಾರ, ಎಸೆದರೆ ದಪ್ಪನೆ ಬೀಳುತ್ತದೆ, ಪುಪ್ಪಸ ಹಾಗಲ್ಲ, ನೊರೆಯಂಥದು, ತಿಳಿಗೆಂಪು, ಗಾಳಿ ತುಂಬಿದ್ದು, ನೀರಿಗೆ ಹಾಕಿದರೂ ಮುಳುಗುವುದಿಲ್ಲ, ಎಸೆದರೆ ನಿಧಾನ, ಬಹಳ ನಿಧಾನ, ಜಕ್ಕಪ್ಪನ ಕೈ ಬಿಟ್ಟಿದೆ, ವಾಗ್ಯಾ ಹಿಂಗಾಲ ಮೇಲೆ ಎದ್ದಿದೆ, ಬೀಳುತ್ತಿಲ್ಲ, ಗಾಳಿಯಲ್ಲಿಯೇ ಇದೆ, ಕೆಳಗೆ ಕಸ್ತೂರಿ, ಇವತ್ತು ಚಪ್ಪಾಳೆ ತಟ್ಟುತ್ತಿಲ್ಲ, ತಾನೇ ಹಿಡಿಯುತ್ತೇನೆಂದು ಎರಡೂ ಕೈ ಮೇಲೆತ್ತಿದೆ, ಪುಪ್ಪಸ ಗಾಳಿಯಲ್ಲಿದೆ, ಎರಡು ಸಣ್ಣ ಅಂಗೈ, ಗಾಳಿಯಲ್ಲಿದೆ, ಎರಡು ಅಂಗೈ